ಕಾರಿನ ಬ್ರೇಕ್ ಪ್ಯಾಡ್, ಡಿಸ್ಕ್ ಎರಡೂ ಹೊಸದು ಹಾಕಿಸಿದ ಮೇಲೆ ಎಡ ಚಕ್ರ ಹಿಡಿದುಕೊಳ್ಳುತ್ತಿದೆ. ಓಡಿಸುತ್ತಾ ಹೋದರೆ ಸರಿ ಹೋಗುತ್ತದಾ?

ನೀವು ಹೇಳಿರುವುದು ಇಷ್ಟು. ಹಳೆಯ ಹ್ಯಾಚ್‌ಬ್ಯಾಕ್, ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದಿನ ಎರಡೂ ಕಡೆ ಪ್ಯಾಡ್, ಡಿಸ್ಕ್ ಹೊಸದು ಹಾಕಿಸಿದ್ದೀರಿ. ಬೆಳಿಗ್ಗೆ ಗಾಡಿ ಸರಾಗವಾಗಿ ಹೋಗುತ್ತದೆ. ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಎಡಕ್ಕೆ ಎಳೆಯಲು ಶುರು, ಎಡ ಚಕ್ರದ ಹತ್ತಿರ ಸುಟ್ಟ ವಾಸನೆ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೂ ಗಾಡಿ ತಾನಾಗಿ ಹೋಗುವುದಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಯಾಗುತ್ತದೆ. ಮೆಕ್ಯಾನಿಕ್ ಮಾತ್ರ "ಹೊಸ ಪ್ಯಾಡ್ ಸಾರ್, ಐನೂರು ಕಿಲೋಮೀಟರ್ ಓಡಿಸಿ, ಸೆಟ್ ಆಗುತ್ತೆ" ಅನ್ನುತ್ತಿದ್ದಾರೆ.

ಸೆಟ್ ಆಗುವುದಿಲ್ಲ. ಓಡಿಸಬೇಡಿ. ಪುತ್ತೂರಿನವರು ಅಂತ ಬರೆದಿದ್ದೀರಿ, ಹಾಗಾಗಿ ಬಿಡಿಸಿ ಹೇಳುತ್ತೇನೆ: ಈ ಗಾಡಿಯಲ್ಲಿ ಚಾರ್ಮಾಡಿ ಘಾಟಿ ಇಳಿಯುವ ಯೋಚನೆ ಸದ್ಯಕ್ಕೆ ಬೇಡ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಹಾಗೆ ನೀರು ಸೇರಿದ ಡಾಟ್ 3 ದರ್ಜೆಯ ಆಯಿಲ್‌ನ ಕುದಿಯುವ ಬಿಂದು 140 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯಬಹುದು, ಡಾಟ್ 4 ಆದರೆ 155. ಹಿಡಿದುಕೊಂಡ ಡಿಸ್ಕ್ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿಯಾಗುತ್ತದೆ. ಆಯಿಲ್ ಕುದಿದರೆ ಪೆಡಲ್ ನೇರ ಕೆಳಗೆ ಹೋಗುತ್ತದೆ, ಬ್ರೇಕ್ ಇರುವುದಿಲ್ಲ.

ಮೆಕ್ಯಾನಿಕ್ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಡಿಸ್ಕ್ ಬ್ರೇಕ್‌ನಲ್ಲಿ ಪ್ಯಾಡನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಸಾಮಾನ್ಯವಾಗಿ ಇರುವುದಿಲ್ಲ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇರುತ್ತದೆ. ಪೆಡಲ್ ಒತ್ತಿದಾಗ ಅದು ಪಿಸ್ಟನ್ ಜೊತೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಮೊದಲಿನ ಆಕಾರಕ್ಕೆ ಬರುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಅಷ್ಟೇ. ಹಾಗಾಗಿ ಪ್ಯಾಡ್ ಯಾವಾಗಲೂ ಡಿಸ್ಕಿಗೆ ತಾಗಿಯೂ ತಾಗದ ಹಾಗೆ ಇರುತ್ತದೆ. ಹೊಸದರಲ್ಲಿ ಸಣ್ಣಗೆ ಉಜ್ಜುವ ಶಬ್ದ ಬಂದರೆ, ಮೊದಲ ದಿನ ಸ್ವಲ್ಪ ವಾಸನೆ ಬಂದರೆ ಚಿಂತೆಯಿಲ್ಲ. ಆದರೆ ಒಂದೇ ಚಕ್ರ ಕಾಯುವುದು, ಗಾಡಿ ಒಂದು ಕಡೆ ಎಳೆಯುವುದು, ಇಳಿಜಾರಿನಲ್ಲೂ ನಿಂತುಬಿಡುವುದು, ಇವು ಯಾವುವೂ ಹೊಸ ಪ್ಯಾಡಿನ ಲಕ್ಷಣ ಅಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ: "ಮೊದಲು ಚೆನ್ನಾಗಿತ್ತು, ಹೊಸದು ಹಾಕಿದ ಮೇಲೆ ಹೀಗೆ. ಹಾಗಾದರೆ ಪ್ಯಾಡೇ ಡೂಪ್ಲಿಕೇಟಾ?" ಹೆಚ್ಚಿನ ಸಲ ಅಲ್ಲ. ಗ್ಯಾರೇಜಿಗೆ ಇಂಥ ಗಾಡಿ ಬಂದಾಗ ನಾನು ಮೊದಲು ನೋಡುವುದು ಹಳೆಯದಾಗಿಯೇ ಉಳಿದ ಭಾಗಗಳನ್ನು. ಹೊಸ ಪ್ಯಾಡಿನಲ್ಲಿ ಉಜ್ಜುವ ಪದರ ಸುಮಾರು 10 ಮಿಲಿಮೀಟರ್ ಇರುತ್ತದೆ. ಬಿಚ್ಚಿ ಎಸೆದದ್ದರಲ್ಲಿ 2 ಅಥವಾ 3 ಉಳಿದಿರುತ್ತದೆ. ನಿಮ್ಮದರಂಥ ಗಾಡಿಯಲ್ಲಿ ಡಿಸ್ಕನ್ನು ಎರಡೂ ಕಡೆಯಿಂದ ತಬ್ಬಿ ಹಿಡಿಯುವ ಕ್ಯಾಲಿಪರ್‌ನಲ್ಲಿ ಒಳಗಡೆ ಒಂದೇ ಪಿಸ್ಟನ್. ಎರಡೂ ಪ್ಯಾಡಿನ ಸವೆತವನ್ನು ಅದೊಂದೇ ಮುಂದೆ ಬಂದು ತುಂಬಿಕೊಟ್ಟಿರುತ್ತದೆ. ಅಂದರೆ ಹೊಸದು ಕೂರಿಸಲು ಪಿಸ್ಟನ್ನನ್ನು ಒಂದೂವರೆ ಸೆಂಟಿಮೀಟರಿನಷ್ಟು ಹಿಂದಕ್ಕೆ ತಳ್ಳಬೇಕು. ವರ್ಷಗಟ್ಟಲೆ ಹೊರಗೆ ಚಾಚಿಕೊಂಡು ಧೂಳು, ನೀರು ಕುಡಿದ ಭಾಗ ಈಗ ಸೀಲಿನ ಒಳಗೆ ಹೋಗಿ ಕೂತಿದೆ. ಪಿನ್‌ಗಳ ಕಥೆಯೂ ಅದೇ (ಕ್ಯಾಲಿಪರ್ ಆಚೀಚೆ ಜಾರುವುದು ಈ ಪಿನ್‌ಗಳ ಮೇಲೆ). ಪ್ಯಾಡ್ ಸವೆಯುತ್ತಾ ಹೋದಂತೆ ಅವು ಸ್ವಲ್ಪ ಸ್ವಲ್ಪ ಹೊರಗೆ ಬಂದಿರುತ್ತವೆ. ಹೊಸ ಪ್ಯಾಡ್ ಹಾಕಿದಾಗ ಮತ್ತೆ ತೂತಿನ ಆಳಕ್ಕೆ ಹೋಗುತ್ತವೆ. ಅಲ್ಲಿ ಇರುವುದು ಒಣಗಿದ ಗ್ರೀಸ್ ಮತ್ತು ತುಕ್ಕು. ಕರಾವಳಿಯ ಮಳೆ, ಗಾಳಿ ಗೊತ್ತಲ್ಲ.

ಯಾವುದು ಹಿಡಿದಿದೆ ಅಂತ ಊಹೆ ಮಾಡುತ್ತಾ ಪಾರ್ಟ್ಸ್ ಬದಲಿಸುವುದು ಬೇಡ. ಒಂದು ಪರೀಕ್ಷೆ ಮಾಡಿದರೆ ಅರ್ಧ ಉತ್ತರ ಸಿಗುತ್ತದೆ. ಗಾಡಿ ಹಿಡಿದುಕೊಂಡಿರುವಾಗಲೇ ಮಾಡಬೇಕು, ತಣ್ಣಗಾದ ಮೇಲೆ ಪ್ರಯೋಜನವಿಲ್ಲ. ಮನೆಯ ಸುತ್ತಮುತ್ತಲೇ ನಿಧಾನಕ್ಕೆ ಓಡಿಸಿ, ಹಿಡಿಯಲು ಶುರುವಾದ ಕೂಡಲೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಜಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಕೈ ಹಾಕಬೇಡಿ. ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ. ಮುಂದಿನ ಚಕ್ರ ಗೇರ್‌ಬಾಕ್ಸಿಗೆ ಜೋಡಿಸಿರುವುದರಿಂದ ಸ್ವಲ್ಪ ಭಾರ ಇದ್ದೇ ಇರುತ್ತದೆ, ಅದಕ್ಕೆ ಬಲ ಚಕ್ರವನ್ನೂ ಎತ್ತಿ ಹೋಲಿಸಿ. ಎಡದ್ದು ಎರಡು ಕೈ ಹಾಕಿ ಒದ್ದಾಡಿದರೂ ತಿರುಗುತ್ತಿಲ್ಲ ಅಂದರೆ, ಹಿಡಿದಿದೆ.

ಈಗ ಚಕ್ರ ಬಿಚ್ಚಿ. ಕ್ಯಾಲಿಪರ್ ಹಿಂಭಾಗದಲ್ಲಿ ಏರ್ ತೆಗೆಯುವ ನಿಪ್ಪಲ್ ಇದೆಯಲ್ಲ, ಅದಕ್ಕೊಂದು ಸಣ್ಣ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಗೆ ಬಿಡಿ. ರಿಂಗ್ ಸ್ಪ್ಯಾನರ್‌ನಲ್ಲಿ ನಿಧಾನಕ್ಕೆ ಸಡಿಲಿಸಿ. ಓಪನ್ ಸ್ಪ್ಯಾನರ್ ಹಾಕಿದರೆ ಹಳೆಯ ನಿಪ್ಪಲ್ಲಿನ ಮೂಲೆಗಳು ಸವೆದುಹೋಗುತ್ತವೆ. ಕಣ್ಣಿಗೆ ಕನ್ನಡಕ ಇರಲಿ, ಆಯಿಲ್ ಬಿಸಿಯಾಗಿರುತ್ತದೆ. ಮುಖ ಹತ್ತಿರ ಒಯ್ಯಬೇಡಿ, ಬರಿಗೈಯಲ್ಲಿ ಡಿಸ್ಕ್ ಮುಟ್ಟಬೇಡಿ.

ಪಿಚಕ್ ಅಂತ ಆಯಿಲ್ ಚಿಮ್ಮಿ, ಡಿಸ್ಕ್ ತಕ್ಷಣ ಸಲೀಸಾಗಿ ತಿರುಗಿದರೆ ಒತ್ತಡ ವಾಪಸ್ ಹೋಗದೆ ಒಳಗೆ ಸಿಕ್ಕಿಕೊಂಡಿತ್ತು ಅಂತ ಅರ್ಥ. ಒಂದೇ ಚಕ್ರ ಆಗಿರುವುದರಿಂದ ನನ್ನ ಮೊದಲ ಅನುಮಾನ ಕ್ಯಾಲಿಪರಿಗೆ ಆಯಿಲ್ ತರುವ ರಬ್ಬರ್ ಹೋಸ್ ಮೇಲೆ. ಹೊರಗಿಂದ ಚೆನ್ನಾಗೇ ಕಾಣುತ್ತದೆ, ಒಳಪದರ ಊದಿ ಅಥವಾ ಕಿತ್ತು ದಾರಿ ಮುಚ್ಚಿರುತ್ತದೆ. ಪೆಡಲ್ ಒತ್ತಿದಾಗ ಜೋರಿನಲ್ಲಿ ಆಯಿಲ್ ಒಳಗೆ ಹೋಗುತ್ತದೆ, ವಾಪಸ್ ಬರುವಾಗ ಆ ಜೋರು ಇರುವುದಿಲ್ಲ. ಕ್ಯಾಲಿಪರ್ ಬಿಚ್ಚಿದಾಗ ತಂತಿ ಕಟ್ಟಿ ನೇತುಹಾಕದೆ ಹೋಸಿನಲ್ಲೇ ಜೋತುಬಿಟ್ಟಿದ್ದರೆ ಹಳೆಯ ಹೋಸಿಗೆ ಅದೇ ಸಾಕು. ಹೋಸ್ ಬದಲಿಸಿ ಏರ್ ತೆಗೆದರೆ ಮುಗಿಯಿತು. ಒಂದು ಕಡೆ ಹೋದರೆ ಇನ್ನೊಂದು ಕಡೆಯದೂ ಅದೇ ವಯಸ್ಸಿನದು, ಎರಡೂ ಬದಲಿಸುವುದೇ ಒಳ್ಳೆಯದು.

ನಿಪ್ಪಲ್ ಸಡಿಲಿಸಿದರೂ ಡಿಸ್ಕ್ ಅಲ್ಲಾಡದಿದ್ದರೆ ತೊಂದರೆ ಲೋಹದಲ್ಲಿ: ಪಿನ್, ಪ್ಯಾಡಿನ ಕಿವಿ (ಎರಡು ತುದಿಯಲ್ಲಿ ಚಾಚಿದ ಭಾಗ), ಇಲ್ಲವೇ ಪಿಸ್ಟನ್. ನಿಮ್ಮ ವಿವರಣೆ ಓದಿದರೆ ನನಗೆ ಇದೇ ಇರಬೇಕು ಅನ್ನಿಸುತ್ತದೆ. ನಿಪ್ಪಲ್ ಮತ್ತೆ ಬಿಗಿ ಮಾಡಿ, ಎಲ್ಲ ತಣ್ಣಗಾಗಲು ಬಿಡಿ, ಆಮೇಲೆ ಕ್ಯಾಲಿಪರ್ ಬಿಚ್ಚಿ.

ಮೊದಲು ಪಿನ್. ಎರಡಿರುತ್ತವೆ. ಬೆರಳಲ್ಲಿ ಒತ್ತಿದರೆ ಒಳಗೆ ಜಾರಬೇಕು, ಎಳೆದರೆ ಬರಬೇಕು. ಪ್ಲೈಯರ್ ಬೇಕಾಯಿತು ಅಂದರೆ ಅಲ್ಲೇ ಉತ್ತರ ಸಿಕ್ಕಿತು. ಹೊರತೆಗೆದು ಒರೆಸಿ ನೋಡಿ. ಒಂದಷ್ಟು ದೂರ ಹೊಳಪು, ಅದರಾಚೆ ಕಂದು ಬಣ್ಣದ ಒರಟು ಪಟ್ಟೆ ಕಂಡರೆ, ಆ ಒರಟು ಭಾಗವೇ ಈಗ ತೂತಿನೊಳಗೆ ಸಿಕ್ಕಿಕೊಳ್ಳುತ್ತಿರುವುದು. ತೂತನ್ನೂ ಬ್ರೇಕ್ ಕ್ಲೀನರ್ ಹಾಕಿ ಬಟ್ಟೆಯಿಂದ ತಿಕ್ಕಿ ತೆಗೆಯಿರಿ. ಗುಂಡಿ ಬಿದ್ದಿದ್ದರೆ ಪಿನ್ ಹೊಸದು ಹಾಕಿ, ದುಬಾರಿಯೇನಲ್ಲ. ಕೆಲವು ಗಾಡಿಗಳಲ್ಲಿ ಒಂದು ಪಿನ್ನಿನ ತುದಿಗೆ ರಬ್ಬರ್ ಬುಷ್ ಇರುತ್ತದೆ. ಅದು ಮೇಲಿನ ತೂತಿಗೋ ಕೆಳಗಿನದಕ್ಕೋ ಅಂತ ಆಯಾ ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತದೆ. ಅದಲು ಬದಲಾದರೆ ಬಿಗಿಯುತ್ತದೆ. ಬಲಗಡೆಯದು ಬಿಚ್ಚಿ ಹೋಲಿಸಿದರೂ ಆಗುತ್ತದೆ, ಆದರೆ ಎರಡೂ ಕಡೆ ಒಬ್ಬರೇ ಹಾಕಿದ್ದಲ್ಲವಾ, ಎರಡೂ ಒಂದೇ ಥರ ತಪ್ಪಿರಬಹುದು.

ಗ್ರೀಸ್ ವಿಚಾರ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಕೈಗಳೂ ಕೆಲಸ ಕೆಡಿಸುವುದು ಇಲ್ಲೇ. ಬೇರಿಂಗ್‌ಗೆ, ಚಾಸಿಗೆ ಹಾಕುವ ಪೆಟ್ರೋಲಿಯಂ ಗ್ರೀಸ್ ಇಲ್ಲಿ ಬೇಡವೇ ಬೇಡ. ಬ್ರೇಕಿನ ರಬ್ಬರ್ ಅದನ್ನು ಕುಡಿದು ಊದಿಕೊಳ್ಳುತ್ತದೆ. ಊದಿದ ಬೂಟ್ (ಪಿನ್ನಿಗೆ ಧೂಳು ತಡೆಯುವ ರಬ್ಬರ್ ಮುಸುಕು), ಊದಿದ ಬುಷ್ ಪಿನ್ನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತನ್ನಿ. ಅದನ್ನೂ ತೆಳ್ಳಗೆ ಸವರಬೇಕು, ತುಂಬಬಾರದು. ತೂತಿನ ಒಳತುದಿ ಮುಚ್ಚಿರುತ್ತದೆ, ಗ್ರೀಸ್ ಜಾಸ್ತಿಯಾದರೆ ಗಾಳಿ ಹೊರಗೆ ಹೋಗಲು ದಾರಿ ಇಲ್ಲ. ಬಾಯಿ ಮುಚ್ಚಿದ ಸಿರಿಂಜ್ ಒತ್ತಿದ ಹಾಗೆ ಪಿನ್ ಒಳಗೆ ಹೋಗಿ ವಾಪಸ್ ಚಿಮ್ಮುತ್ತದೆ. ಹಾಗೆ ಚಿಮ್ಮುವಾಗ ಇಡೀ ಕ್ಯಾಲಿಪರನ್ನು ಒಳಕ್ಕೆ ತಳ್ಳುತ್ತದೆ, ಹೊರಗಿನ ಪ್ಯಾಡ್ ಡಿಸ್ಕಿಗೆ ಒತ್ತಿಕೊಳ್ಳುತ್ತದೆ. ಬೂಟಿನ ಅಂಚು ಸ್ವಲ್ಪ ಎತ್ತಿ ಗಾಳಿ ಬಿಡಿ, ಪಿನ್ ಕೂತಲ್ಲೇ ಕೂರಬೇಕು.

ಆಮೇಲೆ ಪ್ಯಾಡ್. ಕ್ಯಾಲಿಪರನ್ನು ಹೊತ್ತಿರುವ ಬ್ರ್ಯಾಕೆಟ್ಟಿನಲ್ಲಿ ಪ್ಯಾಡಿನ ಕಿವಿ ಕೂರುವ ಜಾಗದಲ್ಲಿ ಸ್ಟೀಲ್ ಕ್ಲಿಪ್ ಇರುತ್ತದೆ. ಅದರ ಅಡಿ ತುಕ್ಕು ಕಟ್ಟಿದರೆ ಕ್ಲಿಪ್ ಮೇಲೆದ್ದು ಜಾಗ ಇಕ್ಕಟ್ಟಾಗುತ್ತದೆ. ಹಳೆಯ ಪ್ಯಾಡ್ ಅಲ್ಲೇ ಸವೆದು ಹೇಗೋ ಹೊಂದಿಕೊಂಡಿರುತ್ತದೆ, ಹೊಸದಕ್ಕೆ ಅಷ್ಟು ಜಾಗ ಇರುವುದಿಲ್ಲ. ಸುತ್ತಿಗೆಯಲ್ಲಿ ಕುಟ್ಟಿ ಕೂರಿಸಿರುತ್ತಾರೆ. ಕುಟ್ಟಿದ್ದು ಒಳಗೇನೋ ಹೋಗುತ್ತದೆ, ವಾಪಸ್ ಬರುವುದಿಲ್ಲ. ಕ್ಲಿಪ್ ತೆಗೆದು, ಅಡಿಯ ತುಕ್ಕನ್ನು ತಂತಿ ಬ್ರಷ್ ಅಥವಾ ಅರದಿಂದ ಉಜ್ಜಿ ಲೋಹ ಕಾಣಿಸಿ. ಕಿವಿಗೆ ಪೇಂಟ್ ದಪ್ಪ ಬಳಿದಿದ್ದರೆ ಅದನ್ನೂ ಸ್ವಲ್ಪ ಉಜ್ಜಿ. ಹೆಬ್ಬೆರಳಿನಲ್ಲಿ ತಳ್ಳಿದರೆ ಪ್ಯಾಡ್ ಜಾರಬೇಕು. ಉಜ್ಜುವಾಗ ಬರುವ ಕಪ್ಪು ಧೂಳನ್ನು ಬಾಯಿಯಿಂದ ಊದಬೇಡಿ.

ಕೊನೆಗೆ ಪಿಸ್ಟನ್. ನಿಪ್ಪಲ್ ತೆರೆದಿಟ್ಟು ಸಿ-ಕ್ಲ್ಯಾಂಪ್‌ನಲ್ಲಿ ತಳ್ಳಿದರೆ ಒಂದೇ ಸಮನೆ ಒಳಗೆ ಹೋಗಬೇಕು. ತಡೆದು ತಡೆದು ಹೋದರೆ, ಓರೆಯಾಗಿ ಹೋದರೆ ಅನುಮಾನ ಪಡಿ. ಅದರ ಮುಂದಿರುವ ಡಸ್ಟ್ ಬೂಟಿನ ಮಡಿಕೆಗಳನ್ನು ಬಿಡಿಸಿ ಸುತ್ತಲೂ ನೋಡಿ. ಎಲ್ಲೋ ಒಂದು ಕಡೆ ಹರಿದಿರುತ್ತದೆ. ಅಲ್ಲಿಂದ ನೀರು ಹೋಗಿ ಪಿಸ್ಟನ್ನಿನ ಹೊಳಪು ಮೈಯಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಎದ್ದಿರುತ್ತವೆ. ಉಗುರಿನಿಂದ ಸವರಿದರೆ ಚುಕ್ಕೆಯಲ್ಲಿ ಉಗುರು ತಡೆಯುತ್ತದೆ. ಆ ಪಿಸ್ಟನ್ ಆಯುಸ್ಸು ಮುಗಿದಿದೆ. ಎಮರಿ ಪೇಪರ್ ಹಾಕಿ ಹೊಳಪು ಬರಿಸುತ್ತೇನೆ ಅನ್ನುವವರಿಗೆ ಬೇಡ ಅನ್ನಿ, ಮೇಲಿನ ಕ್ರೋಮ್ ಹೋದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕಥೆ. ಪಿಸ್ಟನ್ ಮತ್ತು ಸೀಲ್ ಕಿಟ್ ಹೊಸದು ಹಾಕಿ, ಸೀಲ್ ಕೂರುವ ಗ್ರೂವ್ ಒಳಗಿನ ತುಕ್ಕನ್ನೂ ತೆಗೆಸಿ. ಅಲ್ಲಿ ತುಕ್ಕು ಉಳಿದರೆ ಹೊಸ ಸೀಲನ್ನೂ ಹಿಂದಿನಿಂದ ಒತ್ತಿ ಬಿಗಿ ಮಾಡುತ್ತದೆ. ಇದು ಸ್ವಚ್ಛವಾದ ಜಾಗದಲ್ಲಿ ಮಾಡುವ ಕೆಲಸ, ಅಂಗಳದಲ್ಲಿ ಬೇಡ.

ಡಿಸ್ಕ್ ಕಡೆಯಿಂದ ಬರುವ ತೊಂದರೆ ಬೇರೆ ಥರ ಇರುತ್ತದೆ. ಡಿಸ್ಕ್ ಕೂರುವ ಹಬ್ ಮೇಲಿನ ತುಕ್ಕು ತೆಗೆಯದೆ ಡಿಸ್ಕ್ ಹಾಕಿದರೆ ಓಲಾಡುತ್ತದೆ. ಆಗ ಪ್ರತಿ ಸುತ್ತಿಗೆ ಒಂದು ಸಲ ಶ್ಶ್... ಶ್ಶ್... ಅಂತ ತಾಗುತ್ತದೆ, ಪೂರ್ತಿ ಹಿಡಿಯುವುದಿಲ್ಲ. ಕರಕರ ಅಂತ ತಗಡಿನ ಶಬ್ದ ಬಂದರೆ ಹಿಂದಿರುವ ಶೀಲ್ಡ್ ಬಗ್ಗಿ ತಾಗುತ್ತಿರಬಹುದು, ಕೈಯಲ್ಲೇ ಬಗ್ಗಿಸಿ ಸರಿ ಮಾಡಬಹುದು.

ಇನ್ನೊಂದು ಮಾತು, ನಿಮ್ಮ ಗಾಡಿಗಲ್ಲ, ಇದೇ ಪ್ರಶ್ನೆ ಹುಡುಕಿಕೊಂಡು ಬರುವ ಬೇರೆಯವರಿಗೆ. ಎರಡೂ ಮುಂದಿನ ಚಕ್ರ ಅಥವಾ ನಾಲ್ಕೂ ಹಿಡಿಯುತ್ತಿದ್ದರೆ ಕ್ಯಾಲಿಪರ್ ಬಿಚ್ಚುತ್ತಾ ಕೂರಬೇಡಿ, ಮೇಲೆ ಪೆಡಲ್ ಕಡೆಗೆ ಹೋಗಿ. ಪೆಡಲ್‌ಗೆ ಫ್ರೀ ಪ್ಲೇ, ಅಂದರೆ ಮೊದಲ ಸ್ವಲ್ಪ ಸಡಿಲ ಓಡಾಟ, ಇದೆಯಾ? ಬ್ರೇಕ್ ಲೈಟಿನ ಸ್ವಿಚ್ ಪೆಡಲನ್ನು ಪೂರ್ತಿ ಮೇಲೆ ಬರಲು ಬಿಡುತ್ತಿದೆಯಾ? ಪೆಡಲ್ ಒಂದು ಚೂರು ಒತ್ತಿದ ಸ್ಥಿತಿಯಲ್ಲೇ ಉಳಿದರೂ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ. ಬಿಸಿಯಾದಂತೆ ಆಯಿಲ್ ಹಿಗ್ಗಿ, ಬ್ರೇಕ್ ತಾನಾಗಿಯೇ ಹಿಡಿಯುತ್ತಾ ಹೋಗುತ್ತದೆ. ಯಾರಾದರೂ ಬ್ರೇಕ್ ಆಯಿಲ್ ಡಬ್ಬಿಗೆ ಪವರ್ ಸ್ಟೀರಿಂಗ್ ಆಯಿಲ್ ಸುರಿದಿದ್ದರೂ ರಬ್ಬರ್ ಎಲ್ಲ ಊದಿ ಹೀಗೇ ಆಗುತ್ತದೆ. ಮುಚ್ಚಳದ ಒಳಗಿನ ರಬ್ಬರ್ ಉಬ್ಬಿ ಸೊಟ್ಟಗಾಗಿದ್ದರೆ ಅದೇ ಸಾಕ್ಷಿ. ಆಗ ಖರ್ಚು ದೊಡ್ಡದು, ರಬ್ಬರ್ ಇರುವ ಪಾರ್ಟ್ ಎಲ್ಲವನ್ನೂ ಬದಲಿಸಬೇಕು.

ಕೆಲಸ ಆದ ಮೇಲೆ ಗಾಡಿ ಹೊರಡಿಸುವ ಮುಂಚೆ ಪೆಡಲನ್ನು ಗಟ್ಟಿ ಆಗುವವರೆಗೆ ಹಲವು ಸಲ ಒತ್ತಿ. ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ಬ್ರೇಕ್ ಸಿಗುವುದಿಲ್ಲ. ಆಯಿಲ್ ಮಟ್ಟ ನೋಡಿ, ಮ್ಯಾಕ್ಸ್ ಗೆರೆ ದಾಟಿದ್ದರೆ ಸಿರಿಂಜಿನಲ್ಲಿ ತೆಗೆಯಿರಿ. ಬಾನೆಟ್ ಮೇಲೆ ಚೆಲ್ಲಬೇಡಿ, ಪೇಂಟ್ ತಿನ್ನುತ್ತದೆ. ಖಾಲಿ ರಸ್ತೆಯಲ್ಲಿ ಬ್ರೇಕ್ ಕಡಿಮೆ ಬಳಸಿ ಹತ್ತು ಕಿಲೋಮೀಟರ್ ಹೋಗಿ ಬನ್ನಿ, ಎರಡೂ ಕಡೆಯ ಚಕ್ರದ ಹತ್ತಿರ ಕೈ ಹಿಡಿದು ಬಿಸಿ ಹೋಲಿಸಿ. ಬಿಸಿ ಡಿಸ್ಕಿಗೆ ನೀರು ಹಾಕಿ ಪರೀಕ್ಷೆ ಮಾಡುವವರಿದ್ದಾರೆ, ಮಾಡಬೇಡಿ, ಹೊಸ ಡಿಸ್ಕ್ ಹಾಳಾಗುತ್ತದೆ.

ಈಗಾಗಲೇ ತುಂಬ ಕಾದಿದೆ ಅಂದಿರಲ್ಲ, ಹಾಗಾಗಿ ಎಡಗಡೆಯ ಹೊಸ ಪ್ಯಾಡನ್ನು ಒಮ್ಮೆ ತೆಗೆದು ನೋಡಿ. ಮೇಲ್ಮೈ ಗಾಜಿನ ಹಾಗೆ ಮಿರಮಿರ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ ಎರಡೂ ಕಡೆಯ ಪ್ಯಾಡ್ ಜೊತೆಯಾಗಿಯೇ ಬದಲಿಸಿ. ಡಿಸ್ಕ್ ಮೇಲೆ ನೀಲಿ ಕಲೆ ಬಿದ್ದಿದೆಯಾ ಅಂತಲೂ ನೋಡಿ. ನಿಪ್ಪಲ್ ಸಡಿಲಿಸಿದಾಗ ಏನಾಯಿತು ಅಂತ ಕೆಳಗೆ ಬರೆಯಿರಿ, ಹೋಸ್ ತರಿಸಬೇಕಾ ಕಿಟ್ ತರಿಸಬೇಕಾ ಅಂತ ಆಗ ಹೇಳುತ್ತೇನೆ.