ಅಮ್ಮನ ಹರಕೆ, ಮಗನ ಟ್ರಂಕು

ಎಸೆಸೆಲ್ಸಿ ರಿಸಲ್ಟ್ ಬಂತು ಎಂದು ನನಗೆ ಗೊತ್ತಾಗುವುದು ಪೇಪರ್ ನೋಡಿ ಅಲ್ಲ, ನನಗೆ ಬರುವ ಪತ್ರಗಳ ರಾಶಿ ನೋಡಿ. ಮಗನನ್ನು ಗುರುಮಠಕ್ಕೆ, ಅಂದರೆ ಫಾದರ್ ಆಗಲು ಓದುವ ಕಡೆಗೆ, ಸೇರಿಸುವುದು ಹೇಗೆ, ಮಗಳನ್ನು ಸಿಸ್ಟರ್ ಆಗಲು ಕಾನ್ವೆಂಟಿಗೆ ಕಳಿಸುವುದು ಹೇಗೆ. ಹೋದ ವರ್ಷವೂ ಇವಕ್ಕೇ ಉತ್ತರ ಬರೆದಿದ್ದೆ. ಗುರುಗಳು ಯಾರು, ಕನ್ಯಾಸ್ತ್ರೀಯರು ಯಾರು ಎಂದು ಇಲ್ಲಿ ವಿವರಿಸುವುದಿಲ್ಲ. ಅದು ಚರ್ಚಿನ ಜ್ಞಾನೋಪದೇಶದ ತರಗತಿಯಲ್ಲೇ ಮುಗಿದಿರಬೇಕು, ಅಲ್ವಾ?

ಪ್ರಶ್ನೆ: ಮಗ ಹಸುಗೂಸಾಗಿದ್ದಾಗ ಕಾಮಾಲೆ ಜಾಸ್ತಿಯಾಗಿ ಉಳಿಯುವುದೇ ಅನುಮಾನವಾಗಿತ್ತು. ಉಳಿದರೆ ಗುರುಮಠಕ್ಕೆ ಕೊಡುತ್ತೇನೆ ಎಂದು ಹರಕೆ ಹೊತ್ತೆ. ಈಗ ಅವನು ಡಿಪ್ಲೊಮಾ ಮಾಡುತ್ತೇನೆ ಅನ್ನುತ್ತಾನೆ. ಹರಕೆ ತಪ್ಪಿದರೆ ಕೇಡಾಗುತ್ತದೆ ಎಂದು ಹೇಳುವವರಿದ್ದಾರೆ. ನನಗೆ ನಿದ್ದೆಯಿಲ್ಲ. ಅವನ ಮನಸ್ಸು ತಿರುಗಿಸುವುದು ಹೇಗೆ ಫಾದರ್? (ಸಾಗರ ಕಡೆಯ ತಾಯಿ)

ತಿರುಗಿಸಬೇಡಿ ಅಮ್ಮಾ.

ಮೊದಲು ನಿದ್ದೆಯ ವಿಷಯ. ಧರ್ಮಸಭೆಯ, ಅಂದರೆ ನಮ್ಮ ಕಥೋಲಿಕ ಚರ್ಚಿನ, ಕಾನೂನಿನ 1193ನೇ ವಿಧಿ ಒಂದೇ ಸಾಲಿನದು. ಹರಕೆ ಕಟ್ಟಿಹಾಕುವುದು ಅದನ್ನು ಹೊತ್ತವರನ್ನು ಮಾತ್ರ. ನಿಮ್ಮ ಹೆಸರಲ್ಲಿ ಪಕ್ಕದ ಮನೆಯವರು ಸಾಲ ಮಾಡಿದರೆ ನೀವು ತೀರಿಸುತ್ತೀರಾ? ಹಾಗೇ ಇದೂ. ಆದರೂ ಮನಸ್ಸು ಚುಚ್ಚುತ್ತಿದ್ದರೆ ನಿಮ್ಮ ಧರ್ಮಕೇಂದ್ರದ, ಅಂದರೆ ನಿಮ್ಮೂರ ಚರ್ಚಿನ, ಗುರುಗಳ ಹತ್ತಿರ ಹೋಗಿ. ಇಂಥ ಹರಕೆಯಿಂದ ಬಿಡಿಸುವ ಅಧಿಕಾರ ಅವರಿಗೇ ಇದೆ, ರೋಮಿಗೆ ಬರೆಯಬೇಕಾಗಿಲ್ಲ. ಇನ್ನು ಕೇಡಾಗುತ್ತದೆ ಎಂದು ಹೆದರಿಸಿದವರಿಗೆ ಇನ್ನೊಂದು ಸಲ ಕಾಫಿ ಕೊಡಬೇಡಿ.

ಬೈಬಲಿನಲ್ಲಿ ಹನ್ನ ತನ್ನ ಮಗ ಸಮುವೇಲನನ್ನು ದೇವಾಲಯಕ್ಕೆ ಕೊಡಲಿಲ್ಲವಾ ಎಂದು ಕೇಳುತ್ತೀರಿ, ಗೊತ್ತು. ಎಲ್ಲರೂ ಕೇಳುತ್ತಾರೆ. ಆ ಕಥೆ ಇರುವ ಸಮುವೇಲನ ಮೊದಲನೇ ಪುಸ್ತಕದ ಮೂರನೇ ಅಧ್ಯಾಯ ಯಾರೂ ಓದಿರುವುದಿಲ್ಲ. ರಾತ್ರಿ ಕರೆ ಬಂದದ್ದು ಹುಡುಗನಿಗೆ, ಅವನ ಹೆಸರು ಹಿಡಿದು. ದೇವಾಲಯದ ಯಾಜಕ, ಮುದುಕ ಏಲಿ ಎರಡು ಸಲ 'ನಾನು ಕರೆದಿಲ್ಲ, ಹೋಗಿ ಮಲಗು' ಎಂದ. ಮೂರನೇ ಸಲಕ್ಕೆ ಅವನಿಗೆ ವಿಷಯ ಹೊಳೆಯಿತು. ಗುರುಮಠಕ್ಕೆ ಹುಡುಗರನ್ನು ಸೇರಿಸಿಕೊಳ್ಳುವ ನನ್ನ ಕೆಲಸವೂ ಹೆಚ್ಚುಕಡಿಮೆ ಇದೇ. ಬಂದ ಹುಡುಗನಿಗೆ ಹೋಗಿ ಮಲಗು ಎನ್ನುತ್ತೇನೆ. ಮತ್ತೆ ಎದ್ದು ಬಂದರೆ ಕೂರಿಸಿ ಮಾತಾಡುತ್ತೇನೆ.

ಈ ಬುದ್ಧಿ ನನಗೆ ಮೊದಲೇ ಇರಲಿಲ್ಲ. ಹೊಸದರಲ್ಲಿ ಒಬ್ಬ ಹುಡುಗ ಬಂದ, ಅವನೂ ಹರಕೆಯ ಮಗನೇ. ಜೊತೆಗೆ ಹೊಸ ತಗಡಿನ ಟ್ರಂಕು. ಅದರ ಮೇಲೆ ಬಿಳಿ ಪೇಂಟಿನಲ್ಲಿ ಅವನ ಹೆಸರು, ಹೆಸರಿಗೆ ಮುಂಚೆ ಆಗಲೇ 'ಫಾ.' ಎಂದು ಬರೆಸಿದ್ದರು. ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ಮಾತಾಡಿಸಿದರೆ ನೆಲ ನೋಡುತ್ತಿದ್ದ. ನಾಚಿಕೆ ಸ್ವಭಾವ ಎಂದುಕೊಂಡು ಸೇರಿಸಿಕೊಂಡೆ. ತಪ್ಪು ನನ್ನದೇ. ಎರಡನೇ ವರ್ಷದ ಮಳೆಗಾಲದಲ್ಲಿ ಬಿಟ್ಟು ಹೊರಟ. ಬಸ್ ಸ್ಟ್ಯಾಂಡಿನವರೆಗೆ ನಾನೇ ಹೋಗಿದ್ದೆ. ಬಸ್ಸಿಗೆ ಕಾಯುತ್ತಾ ಒಂದು ರೂಪಾಯಿ ನಾಣ್ಯದಲ್ಲಿ ಆ 'ಫಾ' ಕೆರೆಯುತ್ತಾ ಕೂತಿದ್ದ. ಅಕ್ಷರ ಹೋಯಿತು, ಪಕ್ಕದ ಚುಕ್ಕೆ ಹಾಗೇ ಇತ್ತು. ಅವನ ತಾಯಿ ಜನರಿಗೆ ಮುಖ ತೋರಿಸುವುದು ಹೇಗೆ ಎಂದು ಆರು ತಿಂಗಳು ಪೂಜೆಗೇ ಬರಲಿಲ್ಲ.

ಅದಕ್ಕೇ ಹೇಳುವುದು. 1026ನೇ ವಿಧಿಯ ಪ್ರಕಾರ ಗುರುದೀಕ್ಷೆ ಪಡೆಯಲು ಯಾರನ್ನೂ ಯಾವ ರೀತಿಯಲ್ಲೂ ಯಾವ ಕಾರಣಕ್ಕೂ ಬಲವಂತ ಮಾಡಕೂಡದು. ಯೋಗ್ಯನಾದವನನ್ನು ತಡೆಯಲೂಕೂಡದು. ಎರಡನೇ ಮಾತು ತೋಟ ನೋಡಿಕೊಳ್ಳುವವರು ಯಾರು ಎಂದು ಮಗನನ್ನು ಕಟ್ಟಿಹಾಕಿರುವ ಕೆಲವು ಅಪ್ಪಂದಿರಿಗೆ. ಅವರು ಪತ್ರ ಬರೆಯುವುದಿಲ್ಲ, ಆದರೆ ಓದುತ್ತಾರೆ.

ಡಿಪ್ಲೊಮಾ ಮಾಡಲಿ ಬಿಡಿ. ಅವಸರ ಯಾರಿಗಿದೆ? 25 ವರ್ಷ ತುಂಬದೆ ಗುರುದೀಕ್ಷೆ ಇಲ್ಲ. ತತ್ವಶಾಸ್ತ್ರ, ದೈವಶಾಸ್ತ್ರ ಎರಡೂ ಸೇರಿ ಆರು ವರ್ಷದ ಓದು. ಗುರುವಾದ ಮೇಲೂ ಮನೆ ಹತ್ತಿರ ಇರುತ್ತಾನೆ ಎಂದುಕೊಳ್ಳಬೇಡಿ. 1988ರಲ್ಲಿ ಆದ ನಮ್ಮ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ, ಅಂದರೆ ನಮ್ಮ ಬಿಷಪ್ಪರ ವ್ಯಾಪ್ತಿಗೆ, ದಾವಣಗೆರೆ, ಚಿತ್ರದುರ್ಗವೂ ಸೇರಿವೆ. ಸಾಗರದ ಮಳೆಯಲ್ಲಿ ಬೆಳೆದವನು ಹಿರಿಯೂರಿನ ಬಿಸಿಲಿಗೆ ಹೋಗಬೇಕಾದೀತು.

ಹಾಗಾದರೆ ನೀವು ಏನೂ ಮಾಡಬಾರದಾ? ಮಾಡಬಹುದು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತು ಫಾದರ್ ಪ್ರಸಂಗ ಉದ್ದವಾಯಿತು, ಫಾದರ್ ಲೆಕ್ಕ ಕೊಡಲಿಲ್ಲ ಎಂದು ಸಾರು ಆರುವವರೆಗೂ ಆಡಿಕೊಳ್ಳುತ್ತೀರಿ. ಸಂಜೆ ಮಗನಿಗೆ ನೀನೂ ಫಾದರ್ ಆಗು ಅನ್ನುತ್ತೀರಿ. ಅವನೇನು ದಡ್ಡನಾ? ಆ ಮಾತು ಸ್ವಲ್ಪ ಕಡಿಮೆ ಮಾಡಿ. ಫಾದರನ್ನು ಹಬ್ಬದ ಕೋಳಿಗೆ ಮಾತ್ರ ಕರೆಯಬೇಡಿ, ಸುಮ್ನೆ ಒಂದು ಸೋಮವಾರ ಗಂಜಿ ಚಟ್ನಿಗೆ ಕರೆಯಿರಿ. ಹುಡುಗ ಪಕ್ಕದಲ್ಲಿ ಕೂತು ಅಡಿಕೆ ರೇಟು ಮಾತಾಡಲಿ. 'ಈ ಬದುಕಿನ ಬಗ್ಗೆ ಯೋಚನೆ ಮಾಡಿದ್ದೀಯಾ' ಎಂದು ಅವನನ್ನು ಒಂದು ಸಲ ಕೇಳಬಹುದು. ಒಂದೇ ಸಲ. ಇಲ್ಲ ಅಂದರೆ ಅಲ್ಲಿಗೆ ಬಿಡಿ.

ನಾನು ಗುರುವಾಗಿದ್ದು ಯಾವ ಶಿಬಿರಕ್ಕೆ ಹೋಗಿಯೂ ಅಲ್ಲ. ಹೊಸನಗರದ ಕಡೆ ಒಂದು ಜುಲೈ ರಾತ್ರಿ, ಸಾಯುತ್ತಿದ್ದ ಅಜ್ಜಿಯೊಬ್ಬರ ಮನೆಗೆ ನಮ್ಮ ಫಾದರ್ ಹೊರಟಿದ್ದರು. ಟಾರ್ಚ್ ಹಿಡಿಯಲು ನನ್ನನ್ನು ಕರೆದರು. ಹಳ್ಳದ ಮೇಲಿನ ಸಂಕ ಜಾರುತ್ತಿತ್ತು. ಕೂತೇ ದಾಟಿದೆವು. ಜಗಲಿಯಲ್ಲಿ ಅವರು ಕಾಲಿನ ಉಂಬಳ ಕಿತ್ತರು, ಹಂಡೆಯ ನೀರಲ್ಲಿ ಕೈ ತೊಳೆದರು, ಒದ್ದೆ ಜೇಬಿನಿಂದ ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆಯ ಸಣ್ಣ ಡಬ್ಬಿ ತೆಗೆದರು. ಅಜ್ಜಿ ಆ ಡಬ್ಬಿ ನೋಡಿ 'ಬಂದ್ರಾ' ಎಂದರು. ವಾಪಸ್ ಬರುವಾಗ ಫಾದರ್ ದೈವಕರೆ ಬಗ್ಗೆ ಒಂದು ಮಾತೂ ಆಡಲಿಲ್ಲ. ಟಾರ್ಚಿನ ಸೆಲ್ ಮುಗೀತಾ ಬಂತು ಎಂದರು, ಅಷ್ಟೆ.

ಪ್ರಶ್ನೆ: ಪ್ರಾರ್ಥನೆ ಮಾಡಿಸುವವರೊಬ್ಬರು ಮಗಳಿಗೆ ಕಾನ್ವೆಂಟಿನ ಕರೆ ಇದೆ, ಆದರೆ ಬಂಧನ ಅಡ್ಡ ಇದೆ ಎಂದರು. ಬಿಡಿಸಲು ದುಡ್ಡು ಕೇಳುತ್ತಿದ್ದಾರೆ. (ತೀರ್ಥಹಳ್ಳಿ)

ಕೊಡಬೇಡಿ. ಅದು ಸುಲಿಗೆ. ಮಗಳನ್ನು ಕೇಳಿದ್ದೀರಾ, ಅವಳಿಗೇನು ಬೇಕು ಎಂದು?

ಪ್ರಶ್ನೆ: ಮಾರ್ಕ್ಸ್ ಕಡಿಮೆ. ಗುರುಮಠದಲ್ಲಿ ತೆಗೆದುಕೊಳ್ಳುತ್ತಾರಾ? (ಶಿಕಾರಿಪುರ)

ಲ್ಯಾಟಿನ್ ತಲೆಗೆ ಹತ್ತದೆ ಒದ್ದಾಡಿದ ಜಾನ್ ಮರಿಯ ವಿಯಾನ್ನಿ 1815ರಲ್ಲಿ, 29ರ ವಯಸ್ಸಿನಲ್ಲಿ ಗುರುವಾದರು. ಇವತ್ತು ಧರ್ಮಕೇಂದ್ರದ ಗುರುಗಳಿಗೆಲ್ಲ ಅವರೇ ಪಾಲಕ ಸಂತ. ಆದರೆ ಅವರು ಓದುವುದನ್ನು ಬಿಡಲಿಲ್ಲ, ಅದನ್ನೂ ನೆನಪಿಡಿ.

ಪ್ರಶ್ನೆ: ಮೊಬೈಲಿನಲ್ಲಿ ಲ್ಯಾಟಿನ್ ಪೂಜೆ ನೋಡಿ ಮನಸ್ಸು ಸೋತಿದೆ. ಹಳೇ ಕ್ರಮದ ಗುರುವೇ ಆಗಬೇಕು. (ಭದ್ರಾವತಿ)

ಲ್ಯಾಟಿನ್ ಕಲಿಯಿರಿ, 249ನೇ ವಿಧಿ ಈಗಲೂ ಅದನ್ನು ಕೇಳುತ್ತದೆ. ಹಳೇ ಕ್ರಮದ ಪೂಜೆಗೆ ಧರ್ಮಾಧ್ಯಕ್ಷರ (ಬಿಷಪ್ಪರ) ಅನುಮತಿ ಬೇಕು ಎಂದು 2021ರಲ್ಲಿ ಪೋಪ್ ಫ್ರಾನ್ಸಿಸ್ ಗಟ್ಟಿ ಮಾಡಿದರು. ಜಗಳ ಆಡಿಕೊಂಡು ಗುರುಮಠಕ್ಕೆ ಬರಬೇಡಿ. ಸದ್ಯಕ್ಕೆ ನಿಮ್ಮೂರಿನ ಬೆಳಗಿನ ಪೂಜೆಗೆ ಒಂದು ತಿಂಗಳು ಹೋಗಿ. ಎಂಟು ಅಜ್ಜಿಯರಿರುತ್ತಾರೆ, ಮೈಕ್ ಗೊರಗುಟ್ಟುತ್ತದೆ. ಆಮೇಲೂ ಮನಸ್ಸು ಹಾಗೇ ಇದ್ದರೆ ಬರೆಯಿರಿ.

ಪ್ರಶ್ನೆ: ನರ್ಸಿಂಗ್ ಮುಗಿದಿದೆ, ವಯಸ್ಸು 24, ಕನ್ಯಾಸ್ತ್ರೀ ಆಗುವ ಆಸೆ. ಎಜುಕೇಶನ್ ಲೋನ್ ಬಾಕಿ ಇದೆ. (ಶಿವಮೊಗ್ಗ)

ಈ ರಾಶಿಯಲ್ಲಿ ತನ್ನ ಬಗ್ಗೆ ತಾನೇ ಬರೆದ ಹುಡುಗಿ ನೀವೊಬ್ಬರೇ. ತೀರಿಸಲಾಗದ ಸಾಲ ಇರುವವರನ್ನು ಮಠಕ್ಕೆ ಸೇರಿಸಿಕೊಳ್ಳಬಾರದು ಎಂದು 644ನೇ ವಿಧಿ ಹೇಳುತ್ತದೆ. ಕೆಲಸ ಮಾಡಿ ಸಾಲ ತೀರಿಸಿ. ಅಲ್ಲಿಯವರೆಗೆ ರಜೆ ಸಿಕ್ಕಾಗ ಸಿಸ್ಟರುಗಳ ಜೊತೆ ಎರಡು ದಿನ ಇದ್ದು ಬನ್ನಿ, ಅಡುಗೆಮನೆಯಲ್ಲಿ.