ವೇಗದ ಲೆಕ್ಕದಲ್ಲಿ ಯಾವುದರಿಂದ ಯಾವುದನ್ನು ಕಳೆಯಬೇಕು?

ಪ್ರಶ್ನೆ: ದೂರ, ವೇಗ, ಕಾಲಗಳ ಸೂತ್ರ ನನಗೆ ಬಾಯಿಪಾಠವಾಗಿದ್ದರೂ ಹೇಳಿಕೆ ರೂಪದ ಲೆಕ್ಕ ಬಂದಾಗ ತಡವರಿಸುತ್ತೇನೆ. ‘ಒಂದು ರೈಲು 300 ಕಿ.ಮೀ. ದೂರವನ್ನು ಏಕರೂಪ ವೇಗದಲ್ಲಿ ಕ್ರಮಿಸುತ್ತದೆ. ವೇಗವು ಗಂಟೆಗೆ 10 ಕಿ.ಮೀ. ಹೆಚ್ಚಾಗಿದ್ದರೆ ಪ್ರಯಾಣಕ್ಕೆ 1 ಗಂಟೆ ಕಡಿಮೆ ಹಿಡಿಯುತ್ತಿತ್ತು. ರೈಲಿನ ವೇಗವೆಷ್ಟು?’ ಎಂಬ ಲೆಕ್ಕದಲ್ಲಿ ವೇಗವನ್ನು ಯ ಎಂದುಕೊಂಡಾಗ ನನಗೆ ಯ² + 10ಯ + 3000 = 0 ಎಂದು ಬಂತು. ಇದಕ್ಕೆ ಉತ್ತರವೇ ಸಿಗುತ್ತಿಲ್ಲ. ಇನ್ನೊಂದು ಸಂದೇಹ: ಹೋಗುವಾಗ ಗಂಟೆಗೆ 50, ಬರುವಾಗ 60 ಕಿ.ಮೀ. ವೇಗವಿದ್ದರೆ ಸರಾಸರಿ 55 ಏಕೆ ಆಗುವುದಿಲ್ಲ?
— ಹತ್ತನೇ ತರಗತಿಯ ವಿದ್ಯಾರ್ಥಿನಿ

ಉತ್ತರ: ನಿಮ್ಮ ಬೀಜಗಣಿತದಲ್ಲಿ ದೋಷವಿಲ್ಲ, ಕಳೆಯುವ ಕ್ರಮ ಮಾತ್ರ ಹಿಂದುಮುಂದಾಗಿದೆ. ನೀವು 300/(ಯ + 10) ರಿಂದ 300/ಯ ಕಳೆದು, ಅದು 1ಕ್ಕೆ ಸಮವೆಂದು ಬರೆದಿರಬೇಕು. ಹಾಗೆ ಬರೆದರೆ, ವೇಗ ಹೆಚ್ಚಿಸಿಕೊಂಡ ರೈಲು ಒಂದು ಗಂಟೆ ತಡವಾಗಿ ತಲುಪುತ್ತದೆ ಎಂದು ಹೇಳಿದಂತಾಗುತ್ತದೆ. ಅಂಥ ರೈಲು ಇರಲಾರದು. ವರ್ಗ ಸಮೀಕರಣಕ್ಕೆ ವಾಸ್ತವ ಉತ್ತರವಿದೆಯೇ ಎಂದು ತಿಳಿಸುವ ಶೋಧಕದ (b² − 4ac) ಬೆಲೆ 100 − 12000, ಅಂದರೆ −11900 ಎಂದು ಋಣವಾಗಿ ಬಂದು, ಸಮೀಕರಣವೂ ಅದನ್ನೇ ತಿಳಿಸುತ್ತಿದೆ.

ಇಂಥ ಲೆಕ್ಕಗಳಲ್ಲಿ ಸಮೀಕರಣಕ್ಕೆ ಕೈಹಾಕುವ ಮೊದಲು ದೂರ, ವೇಗ, ಕಾಲ ಎಂಬ ಮೂರು ಕಂಬಸಾಲುಗಳ ಪುಟ್ಟ ಕೋಷ್ಟಕವನ್ನು ಬರೆದುಕೊಳ್ಳಿ. ಮೊದಲ ಅಡ್ಡಸಾಲು ನಿಜವಾದ ಪ್ರಯಾಣಕ್ಕೆ: 300, ಯ, 300/ಯ. ಎರಡನೆಯದು ಊಹಿಸಿದ ಪ್ರಯಾಣಕ್ಕೆ: 300, ಯ + 10, 300/(ಯ + 10). ಈಗ ಪ್ರಶ್ನೆಯನ್ನು ಮತ್ತೊಮ್ಮೆ ಓದಿದರೆ, ದೂರದ ಮಾತೂ ವೇಗದ ಮಾತೂ ಕೋಷ್ಟಕ ತುಂಬುವುದರಲ್ಲಿಯೇ ಮುಗಿದುಹೋಗಿ, ‘1 ಗಂಟೆ ಕಡಿಮೆ’ ಎಂಬ ಮಾತೊಂದು ಬಳಕೆಯಾಗದೆ ಉಳಿದಿರುವುದು ಕಾಣುತ್ತದೆ. ಹಾಗೆ ಉಳಿದ ಮಾತೇ ಸಮೀಕರಣ. ದೂರ ಒಂದೇ ಆಗಿರುವಾಗ ನಿಧಾನವಾಗಿ ಹೋಗುವ ರೈಲಿಗೇ ಹೆಚ್ಚು ಕಾಲ ಬೇಕಾದ್ದರಿಂದ 300/ಯ ದೊಡ್ಡದು. ಅದರಿಂದಲೇ ಇನ್ನೊಂದನ್ನು ಕಳೆಯಬೇಕು:

300/ಯ − 300/(ಯ + 10) = 1

ಛೇದಗಳನ್ನು ನಿವಾರಿಸಿದರೆ ಯ² + 10ಯ − 3000 = 0, ಅಂದರೆ (ಯ − 50)(ಯ + 60) = 0. ವೇಗ ಗಂಟೆಗೆ 50 ಕಿ.ಮೀ.; ಆಗ ಪ್ರಯಾಣದ ಕಾಲ 6 ಗಂಟೆ, 60 ಕಿ.ಮೀ. ವೇಗದಲ್ಲಾದರೆ 5 ಗಂಟೆ. ತಾಳೆ ನೋಡುವುದಕ್ಕೆ ಇಷ್ಟು ಸಾಕು. ನಾವು ಕೈಬಿಡುವ −60 ಎಂಬ ಮೂಲದ ಋಣಚಿಹ್ನೆ ತೆಗೆದರೆ ಹೆಚ್ಚಿಸಿದ ವೇಗವೇ ಸಿಗುವುದು ಆಕಸ್ಮಿಕವಲ್ಲ: ಯ ಇರುವಲ್ಲೆಲ್ಲ −(ಯ + 10) ಎಂದು ಹಾಕಿದರೂ ಈ ಸಮೀಕರಣ ಬದಲಾಗುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳಲಾರರು, ಆದರೂ ಒಮ್ಮೆ ಮಾಡಿ ನೋಡಿ. ಕಾಲದ ವ್ಯತ್ಯಾಸವನ್ನು 30 ನಿಮಿಷ ಎಂದು ಕೊಟ್ಟಿದ್ದರೆ ಬಲಗಡೆ ಬರೆಯಬೇಕಾದದ್ದು 1/2, 30 ಅಲ್ಲ. ವೇಗ ಗಂಟೆಯ ಲೆಕ್ಕದಲ್ಲಿದೆ.

ಸರಾಸರಿ ವೇಗವೆಂದರೆ ಎರಡು ವೇಗಗಳ ಸರಾಸರಿಯಲ್ಲ, ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಿದಾಗ ಬರುವ ಬೆಲೆ. ಇದೇ ರೈಲು 300 ಕಿ.ಮೀ. ದೂರವನ್ನು 6 ಗಂಟೆಯಲ್ಲಿ ಹೋಗಿ 5 ಗಂಟೆಯಲ್ಲಿ ಮರಳಿದರೆ 600/11, ಅಂದರೆ ಸುಮಾರು 54.5 ಆಗುತ್ತದೆ. ಕಡಿಮೆ ವೇಗದಲ್ಲಿ ಒಂದು ಗಂಟೆ ಹೆಚ್ಚು ಕಳೆದದ್ದರಿಂದ ಸರಾಸರಿ ಆ ಕಡೆಗೆ ಜಗ್ಗಿದೆ. ಎರಡೂ ವೇಗಗಳಲ್ಲಿ ಸಮಾನ ದೂರದ ಬದಲು ಸಮಾನ ಕಾಲ ಚಲಿಸಿದ್ದರೆ ನಿಮ್ಮ 55 ಸರಿಯಾಗುತ್ತಿತ್ತು.