ತಗಡಿನ ಮೇಲೆ ಕಲ್ಲು ಹೇರಿದರೆ ಸಾಕೇ?

ಈ ಸಲದ ಪತ್ರಗಳಲ್ಲಿ ಬಹುಪಾಲು ಗಾಳಿಯದೇ ಗೋಳು. ಸಿಂಧನೂರು, ಕಾರಟಗಿ ಕಡೆ ಬೇಸಿಗೆ ಭತ್ತ ಕೊಯ್ಲಿಗೆ ಬರುವ ಹೊತ್ತಿಗೇ ಮಳೆ ಗಾಳಿ ಕಟ್ಟಿಕೊಂಡು ಬರುವುದು ಹೊಸದೇನಲ್ಲ. ಆದರೆ ಮಹಡಿ ಮೇಲೆ ತಗಡು ಹಾಕಿಸುವವರು ಹೆಚ್ಚಾದ ಮೇಲೆ ಹೊಲದ ಲುಕ್ಸಾನಿನ ಜೊತೆ ಮನೆಯ ಲುಕ್ಸಾನೂ ಸೇರಿಕೊಂಡಿದೆ. ಗಂಗಾವತಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡವನ ಉತ್ತರ ಇದು, ಕಬ್ಬಿಣದ ಮಾತು ಜಾಸ್ತಿ ಬಂದರೆ ಸಹಿಸಿಕೊಳ್ಳಿ.

ಪ್ರಶ್ನೆ: ಮಹಡಿ ಮೇಲೆ ಹತ್ತಡಿಗೆ ಹತ್ತಡಿ ತಗಡಿನ ಕೋಣೆ ಹಾಕಿಸಿದ್ದೇವೆ. ಸಾಲಾಗಿ ಕಲ್ಲು ಹೇರಿದ್ದರೂ ಹೋದ ಬೇಸಿಗೆಯ ಗಾಳಿಗೆ ತಗಡು ಎದ್ದು ಪಕ್ಕದ ಮನೆಯವರ ಅಂಗಳಕ್ಕೆ ಬಿದ್ದವು. ಇನ್ನೂ ದೊಡ್ಡ ಕಲ್ಲು ಇಡಿ ಅಂತ ಮೇಸ್ತ್ರಿ ಹೇಳುತ್ತಾರೆ, ಮರಳಿನ ಚೀಲ ಇಡೋಣ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಯಾವುದು ಸರಿ?
— ಶಿಕ್ಷಕಿ, ಸಿಂಧನೂರು

ಉತ್ತರ: ಅಕ್ಕಾವ್ರೆ, ಎರಡೂ ಬೇಡ. ಗಾಳಿ ತಗಡನ್ನು ಅತ್ತ ಇತ್ತ ದೂಡುತ್ತದೆ, ಭಾರ ಇಟ್ಟರೆ ಸುಮ್ಮನಿರುತ್ತದೆ ಅಂತ ನಾವು ತಿಳಿದಿದ್ದೇವೆ. ಆಗುವುದೇ ಬೇರೆ. ಇಳಿಜಾರು ಕಡಿಮೆ ಇರುವ ಛಾವಣಿಯ ಮೇಲೆ ಗಾಳಿ ಜೋರಾಗಿ ಹಾಯುವಾಗ ಅಲ್ಲಿ ಒತ್ತಡ ಇಳಿದು ತಗಡು ಮೇಲಕ್ಕೆ ಸೆಳೆತಕ್ಕೆ ಸಿಗುತ್ತದೆ. ಬಾಗಿಲೋ ಕಿಟಕಿಯೋ ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ಎತ್ತುತ್ತದೆ.

ಲೆಕ್ಕ ಹಾಕಿಯೇ ನೋಡೋಣ, ನೀವು ಶಿಕ್ಷಕಿ, ಬೇಸರವಾಗಲಿಕ್ಕಿಲ್ಲ. ಕಟ್ಟಡದ ಮೇಲೆ ಗಾಳಿಯ ಭಾರಕ್ಕೆ ಇಂಜಿನಿಯರುಗಳು ನೋಡುವುದು ಐ.ಎಸ್. 875 ಅನ್ನೋ ಭಾರತೀಯ ಮಾನಕ ಸಂಹಿತೆಯ ಮೂರನೇ ಭಾಗ. ಅದರ ಸೂತ್ರ ಸುಲಭ: ಸೆಕೆಂಡಿಗೆ ಇಷ್ಟು ಮೀಟರ್ ಅಂತ ವೇಗ ಹಿಡಿದು, ಅದರ ವರ್ಗವನ್ನು 0.6ರಿಂದ ಗುಣಿಸಬೇಕು. ಗಂಟೆಗೆ 90 ಕಿ.ಮೀ. ಗಾಳಿ ಅಂದರೆ ಸೆಕೆಂಡಿಗೆ 25 ಮೀಟರ್. ಸೂತ್ರದಲ್ಲಿಟ್ಟರೆ ಚದರ ಮೀಟರಿಗೆ 375 ನ್ಯೂಟನ್, ನಮ್ಮ ತೂಕದ ಲೆಕ್ಕದಲ್ಲಿ ಸುಮಾರು 38 ಕೆ.ಜಿ. ನಿಮ್ಮ ಕೋಣೆ 9.3 ಚದರ ಮೀಟರ್. ಅಂದಾಜು ಮೂರೂವರೆ ಕ್ವಿಂಟಲ್ ಎತ್ತುವ ಬಲ ಆಯಿತು. ಅರ್ಧ ಮಿ.ಮೀ. ತಗಡಿನ ಇಡೀ ಛಾವಣಿ 50 ಕೆ.ಜಿ. ಆಜುಬಾಜು. ಅದರ ಮೇಲೆ ಇಪ್ಪತ್ತು ಕೆ.ಜಿ.ಯ ಹತ್ತು ಕಲ್ಲು ಹೇರಿದರೂ ಎರಡೂವರೆ ಕ್ವಿಂಟಲ್ಲಿಗೆ ನಿಂತಿತು. ಅಂಚು, ಮೂಲೆಗಳಲ್ಲಂತೂ ಸೆಳೆತ ಈ ಸರಾಸರಿಗಿಂತ ಬಹಳ ಹೆಚ್ಚು, ಅದಕ್ಕೇ ತಗಡು ಯಾವಾಗಲೂ ಮೂಲೆಯಿಂದ ಏಳುವುದು.

ಅದೇ ಸಂಹಿತೆ ನೆರೆಯ ಕರ್ನೂಲಿನಲ್ಲಿ ಕಟ್ಟಡದ ಲೆಕ್ಕಕ್ಕೆ ಗೊತ್ತು ಮಾಡಿರುವ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿ.ಮೀ. ಆ ಲೆಕ್ಕಕ್ಕೆ ನಿಮ್ಮ ಕೋಣೆಯ ಛಾವಣಿಗೆ ಬೀಳುವ ಎಳೆತ ಎಂಟು ಕ್ವಿಂಟಲ್ ಮೀರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುವುದರಿಂದ ಕಲ್ಲು ಹೇರುವ ಆಟದಲ್ಲಿ ನಾವು ಗೆಲ್ಲುವುದಿಲ್ಲ. ಸೋತಾಗ ಆ ಕಲ್ಲು ಎಲ್ಲಿಗೆ ಹೋಗುತ್ತದೆ ಹೇಳಿ? ತಗಡು ಏಳುತ್ತಲೇ ಉರುಳಿ ಕೆಳಗೆ ಮಲಗಿದವರ ಮೇಲೋ, ಓಣಿಯಲ್ಲಿ ಹೋಗುವವರ ತಲೆ ಮೇಲೋ ಬೀಳುತ್ತದೆ. ನನ್ನ ಕೇಳಿದರೆ ಗಾಳಿಗಿಂತ ನನಗೆ ಆ ಕಲ್ಲಿನ ಭಯ ದೊಡ್ಡದು.

ಮಾಡಬೇಕಾದದ್ದು ಕಟ್ಟುವ ಕೆಲಸ. ತಗಡು ಪರ್ಲಿನ್ನಿಗೆ (ತಗಡು ಕೂರುವ ಅಡ್ಡ ಕಬ್ಬಿಣಕ್ಕೆ), ಪರ್ಲಿನ್ ಕಂಬಕ್ಕೆ, ಕಂಬ ಕಾಂಕ್ರೀಟಿಗೆ ಬಿಗಿಯಾಗಿರಬೇಕು. ಇದರಲ್ಲಿ ಒಂದು ಕೊಂಡಿ ಸಡಿಲವಿದ್ದರೆ ಉಳಿದದ್ದು ಎಷ್ಟು ಗಟ್ಟಿಯಿದ್ದರೂ ದಂಡ. ನಮ್ಮ ಕಡೆ ಹೆಚ್ಚಾಗಿ ಕೈ ಕೊಡುವುದು ಕೊನೆಯ ಕೊಂಡಿ. ಚೌಕ ಪೈಪನ್ನು ನಾಲ್ಕಿಂಚಿನ ಇಟ್ಟಿಗೆಯ ಪ್ಯಾರಾಪೆಟ್ ಮೇಲೆ ನಿಲ್ಲಿಸಿ ಸುತ್ತ ಒಂದಿಷ್ಟು ಸಿಮೆಂಟ್ ಮೆತ್ತಿಬಿಡುತ್ತಾರೆ. ಆ ಗೋಡೆಗೆ ಎಳೆತ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಅಷ್ಟು ದೂರ ಯಾಕೆ, ಮುಂದೆ ಮತ್ತೊಂದು ಅಂತಸ್ತು ಏರಿಸೋಣ ಅಂತ ಕಾಲಂ ರಾಡುಗಳನ್ನು ಬಿಟ್ಟಿರುತ್ತೀರಲ್ಲ, ತುಕ್ಕು ಕೆರೆದು ನೋಡಿ, ಗಟ್ಟಿಯಿದ್ದರೆ ಕಂಬವನ್ನು ಅವಕ್ಕೇ ಸೇರಿಸಿ ವೆಲ್ಡ್ ಮಾಡಿಸಿ. ರಾಡು ಇಲ್ಲದ ಕಡೆ ಕಂಬದ ಬುಡಕ್ಕೆ ಬೇಸ್ ಪ್ಲೇಟ್, ಅಂದರೆ ಕಬ್ಬಿಣದ ತಟ್ಟೆ ಇಟ್ಟು, ಸ್ಲ್ಯಾಬಿನೊಳಗೆ ಕೆಳಗೆ ತೊಲೆ ಇರುವ ಜಾಗ ನೋಡಿ ಆ್ಯಂಕರ್ ಬೋಲ್ಟ್ ಹಾಕಿಸಿ.

ಇನ್ನು ತಗಡಿನ ತೂತುಗಳು. ಬೆಳಿಗ್ಗೆ ಬಿಸಿಲೇರುವ ಮೊದಲು ಹಲಗೆ ಹಾಕಿಕೊಂಡು ಮೇಲೆ ಹತ್ತಿ ಒಂದೊಂದೇ ಬೋಲ್ಟ್ ನೋಡಿ. ಹೊಸದರಲ್ಲಿ ಗುಂಡಗಿದ್ದ ತೂತು ವರ್ಷಗಟ್ಟಲೆ ತಗಡು ಬಡಿದುಕೊಂಡು ಉದ್ದುದ್ದ ಆಗಿರುತ್ತದೆ. ವಾಷರಿನ ರಬ್ಬರ್ ನಮ್ಮ ರಾಯಚೂರು ಬಿಸಿಲಿಗೆ ಒಣಗಿ ಉಗುರು ತಾಗಿಸಿದರೆ ಉದುರುತ್ತದೆ. ಅದರ ಸುತ್ತ ಕಂದು ಬಣ್ಣದ ಉಂಗುರ ಕಂಡರೆ ಅಲ್ಲಿ ತಗಡು ಕಾಗದದಷ್ಟು ತೆಳುವಾಗಿದೆ ಅಂತಲೇ ಅರ್ಥ. ಆ ತೂತನ್ನು ಬಿಟ್ಟು ಪಕ್ಕದಲ್ಲಿ ಹೊಸ ಜಾಗ ಹಿಡಿದು ಸ್ಕ್ರೂ ಹೊಡೆಸಬೇಕು, ಹಳೆಯದನ್ನು ಮುಚ್ಚಿಸಬೇಕು. ಅಂಚಿನ ಸಾಲು ಮತ್ತು ಮೂಲೆಗಳಲ್ಲಿ ನಡುವಿಗಿಂತ ಒತ್ತೊತ್ತಾಗಿ ಸ್ಕ್ರೂ ಇರಲಿ. ನೆರಳಿಗೆ ಅಂತ ಗೋಡೆ ದಾಟಿ ಎರಡು ಎರಡೂವರೆ ಅಡಿ ತಗಡು ಚಾಚಿದ್ದರೆ ಕತ್ತರಿಸಿಬಿಡಿ, ಗಾಳಿಗೆ ಅದೇ ಹಿಡಿಕೆ.

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಮೇಲೆ ನಾವೊಂದಿಷ್ಟು ಜನ ಅಲ್ಲಿಗೆ ಶೆಡ್ ಕೆಲಸಕ್ಕೆ ಹೋಗಿದ್ದೆವು. ವಿಮಾನ ನಿಲ್ದಾಣದ ಛಾವಣಿಯೇ ಕಿತ್ತು ಹೋದ ಗಾಳಿ ಅದು. ಹಾಗಿದ್ದೂ ಕೆಲವು ಸಣ್ಣ ಶೆಡ್ಡುಗಳು ತಗಡು ಸಮೇತ ನಿಂತಿದ್ದವು. ಹತ್ತಿರ ಹೋಗಿ ನೋಡಿದರೆ ಸಾಮಾನು ದುಬಾರಿಯದೇನಲ್ಲ, ಪ್ರತಿ ಪರ್ಲಿನ್ನಿಗೂ ಕೊಕ್ಕೆಯ ಹಾಗೆ ಬಾಗಿದ ಜೆ ಬೋಲ್ಟ್, ಪ್ರತಿ ಕಂಬಕ್ಕೂ ಬೇಸ್ ಪ್ಲೇಟ್. ಒಂದರ ಮೇಲೂ ಕಲ್ಲು ಕಾಣಲಿಲ್ಲ.

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಫ್ಲಾರಿಡಾದ ಟ್ಯಾಂಪಾದಲ್ಲಿ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಹರಿಕೇನ್ ಬರುತ್ತದೆ ಅಂದರೆ ನನಗೆ ಇಲ್ಲಿ ನಿದ್ದೆ ಇಲ್ಲ. ಕಿಟಕಿ ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸುತ್ತೇವೆ, ಏನೂ ಆಗಲ್ಲ ಅಂತಾಳೆ. ಹೌದೇ?
— ಒಬ್ಬ ತಾಯಿ, ಕೊಪ್ಪಳ

ಉತ್ತರ: ತಾಯಿ, ಟೇಪ್ ಅಂಟಿಸುವುದು ಬೇಡ ಅಂತ ಅಲ್ಲಿಯ ಹವಾಮಾನ ಇಲಾಖೆಯೇ ಹೇಳುತ್ತದೆ. ಅದರಿಂದ ಗಾಜು ಗಟ್ಟಿಯಾಗುವುದಿಲ್ಲ. ಒಡೆದಾಗ ಸಣ್ಣ ಚೂರಿನ ಬದಲು ಟೇಪಿಗೆ ಅಂಟಿಕೊಂಡ ದೊಡ್ಡ ದೊಡ್ಡ ತುಂಡುಗಳು ಹಾರಿ ಬರುತ್ತವೆ. ಕಿಟಕಿಗೆ ಆಗಬೇಕಾದದ್ದು ಶಟರ್, ಇಲ್ಲವೇ ಅಳತೆಗೆ ಕತ್ತರಿಸಿ ಇಟ್ಟುಕೊಂಡ ಪ್ಲೈವುಡ್. ಬಾಡಿಗೆ ಮನೆಯಲ್ಲಿ ಅದನ್ನು ಯಾರು ಹಾಕಿಸಬೇಕು ಅಂತ ಮಾಲೀಕರನ್ನು ಈಗಲೇ ಕೇಳಿಡಲಿ.

ಅವರ ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30. ಗಾಳಿ ಗಂಟೆಗೆ 119 ಕಿ.ಮೀ. ಮುಟ್ಟಿದರೆ ಹರಿಕೇನ್ ಅನ್ನುತ್ತಾರೆ, ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ಟಿವಿಯಲ್ಲಿ ದರ್ಜೆ ಒಂದು ಅಂತ ಕೇಳಿ ನೀವು ನಿರಾಳ ಆಗಬೇಡಿ, ಐದು ಅಂತ ಕೇಳಿ ಎದೆ ಒಡೆದುಕೊಳ್ಳಲೂ ಬೇಡಿ. ಆ ದರ್ಜೆ ಗಾಳಿಯದ್ದು ಮಾತ್ರ, ಸಮುದ್ರದ ನೀರಿನದ್ದಲ್ಲ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಹರಿಕೇನ್ ಟ್ಯಾಂಪಾದಿಂದ ದೂರದಲ್ಲೇ ಹಾದು ಹೋಯಿತು, ಆದರೂ ಕೊಲ್ಲಿಯ ನೀರು ಉಕ್ಕಿ ಮನೆಗಳಿಗೆ ನುಗ್ಗಿತು. ಅದರ ಕಸ ಎತ್ತಿ ಮುಗಿಯುವ ಮೊದಲೇ ಅಕ್ಟೋಬರ್ 9ರಂದು ಮಿಲ್ಟನ್ ಬಂತು.

ಹೀಗಾಗಿ ಮಗಳಿಗೆ ಮೊದಲು ಕೇಳಬೇಕಾದ ಪ್ರಶ್ನೆ, ನಿಮ್ಮ ಮನೆ ಯಾವ ವಲಯದಲ್ಲಿದೆ ಅನ್ನೋದು. ನೀರು ನುಗ್ಗುವ ಅಪಾಯ ನೋಡಿ ಎ ಯಿಂದ ಇ ವರೆಗೆ ವಲಯ ಮಾಡಿದ್ದಾರೆ, ಎ ವಲಯದವರು ಎಲ್ಲರಿಗಿಂತ ಮೊದಲು ಜಾಗ ಬಿಡಬೇಕು. ಅಪ್ಪಣೆ ಬಂದ ಮೇಲೆ ಸಾಮಾನಿನ ಆಸೆಗೆ ಕೂರಬಾರದು. ನೀರಿನ ಭಯ ಇಲ್ಲದ ಕಡೆ, ಗಟ್ಟಿ ಕಟ್ಟಡವಾಗಿದ್ದರೆ, ಕಿಟಕಿ ಇಲ್ಲದ ಒಳಕೋಣೆಯಲ್ಲಿ ಇರಬಹುದು. ಗಾಳಿ ಒಮ್ಮೆಲೇ ನಿಂತು ಆಕಾಶ ತಿಳಿಯಾದರೆ ಮುಗಿಯಿತು ಅಂತ ಅಳಿಯಂದಿರು ಕಾರು ನೋಡಲು ಹೊರಗೆ ಹೋಗದಿರಲಿ. ಅದು ಚಂಡಮಾರುತದ ಕಣ್ಣು ತಲೆ ಮೇಲಿರುವ ಹೊತ್ತು, ಸ್ವಲ್ಪದರಲ್ಲೇ ಎದುರು ದಿಕ್ಕಿನಿಂದ ಗಾಳಿ ಶುರುವಾಗುತ್ತದೆ.

ಕುಡಿಯುವುದಕ್ಕೂ ಅಡುಗೆಗೂ ಸೇರಿ ತಲೆಗೆ ದಿನಕ್ಕೆ ಸುಮಾರು ನಾಲ್ಕು ಲೀಟರ್ ನೀರು, ಮಾತ್ರೆ, ಪಾಸ್‌ಪೋರ್ಟ್, ವೀಸಾ ಕಾಗದ, ಕಾರಿಗೆ ತುಂಬ ಪೆಟ್ರೋಲ್. ಯಾರಾದರೂ ಜನರೇಟರ್ ಕೊಟ್ಟರೆ ಅದನ್ನು ಮನೆಯೊಳಗಾಗಲಿ ಬಾಲ್ಕನಿಯಲ್ಲಾಗಲಿ ಹಚ್ಚಲೇಬಾರದು, ಬಾಗಿಲು ಕಿಟಕಿಯಿಂದ ಕನಿಷ್ಠ ಇಪ್ಪತ್ತು ಅಡಿ ದೂರ ಇರಬೇಕು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಗಾಳಿಯಲ್ಲಿ ಬದುಕಿದವರು ಆಮೇಲೆ ಇದರಿಂದ ಸತ್ತ ಉದಾಹರಣೆಗಳಿವೆ. ಬಾಡಿಗೆದಾರರ ವಿಮೆಯಲ್ಲಿ ಸಾಮಾನ್ಯವಾಗಿ ಪ್ರವಾಹದ ನಷ್ಟ ಸೇರಿರುವುದಿಲ್ಲ. ಸರ್ಕಾರಿ ಪ್ರವಾಹ ವಿಮೆ ಬೇರೆ ಇದೆ, ಅದು ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಮೋಡ ಕಂಡ ಮೇಲೆ ಓಡಿದರೆ ಸಿಗದು.

ಕಟ್ಟಡದ ಬಗ್ಗೆ ಒಂದು ಸಮಾಧಾನದ ಮಾತು. 1992ರ ಆಗಸ್ಟ್ 24ರಂದು ಆ್ಯಂಡ್ರೂ ಹರಿಕೇನ್ ದಕ್ಷಿಣ ಫ್ಲಾರಿಡಾದಲ್ಲಿ ಸಾವಿರಾರು ಮನೆಗಳ ಛಾವಣಿ ಕಿತ್ತಿತು. ಛಾವಣಿಯ ಹಲಗೆಗೆ ಹೊಡೆದ ಎಷ್ಟೋ ಮೊಳೆಗಳು ಕೆಳಗಿನ ತೊಲೆಗೆ ತಾಗಿಯೇ ಇರಲಿಲ್ಲ ಅಂತ ಆಮೇಲೆ ಬಯಲಾಯಿತು. ಮೇಲಿನ ಅಕ್ಕಾವ್ರ ತಗಡಿನ ಕತೆಯೇ. 2002ರಿಂದ ಇಡೀ ರಾಜ್ಯಕ್ಕೆ ಒಂದೇ ಬಿಗಿ ಕಟ್ಟಡ ಸಂಹಿತೆ ಬಂದಿದೆ, ತೊಲೆಯನ್ನು ಗೋಡೆಗೆ ಲೋಹದ ಪಟ್ಟಿಯಿಂದ ಕಟ್ಟುವುದು ಅದರ ಜೀವಾಳ. ಕಟ್ಟಡ ಯಾವ ವರ್ಷದ್ದು ಅಂತ ಮಗಳನ್ನು ಕೇಳಿ, 2002ರ ಈಚಿನದಾದರೆ ನಿಮಗೆ ಅರ್ಧ ನಿದ್ದೆಯಾದರೂ ಬರಲಿ. ಮತ್ತೆ, ಅವತ್ತು ಗಳಿಗೆಗೊಮ್ಮೆ ಫೋನ್ ಮಾಡಬೇಡಿ ತಾಯಿ. ಅಲ್ಲಿ ಕರೆಂಟ್ ಇರುವುದಿಲ್ಲ, ಇರುವ ಚಾರ್ಜ್ ನಿಮ್ಮ ಮಾತಿಗೇ ಖರ್ಚಾಗುತ್ತದೆ. ಹೊತ್ತಿಗೊಂದು ಮೆಸೇಜ್ ಅಂತ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಬಿರುಗಾಳಿ ಬಂದಾಗ ಕಿಟಕಿ ಬಾಗಿಲು ತೆರೆದಿಟ್ಟರೆ ಗಾಳಿ ಹಾದು ಹೋಗಿ ಮನೆ ಉಳಿಯುತ್ತದಂತೆ, ನಿಜವೇ?
— ಓದುಗ, ಲಿಂಗಸುಗೂರು

ಉತ್ತರ: ಸುಳ್ಳು. ತೆರೆದ ಬಾಗಿಲಿನಿಂದ ನುಗ್ಗಿದ ಗಾಳಿ ಛಾವಣಿಯನ್ನು ಒಳಗಿನಿಂದ ಎತ್ತುತ್ತದೆ. ಅಮೆರಿಕದಲ್ಲಿ ಎಷ್ಟೋ ಮನೆಗಳ ಛಾವಣಿ ಹೋಗಿದ್ದು ಕಾರು ನಿಲ್ಲಿಸುವ ಗ್ಯಾರೇಜಿನ ಅಗಲ ಬಾಗಿಲು ಮುರಿದು ಒಳಗೆ ಗಾಳಿ ಹೊಕ್ಕಿದ್ದರಿಂದ. ನಮ್ಮಲ್ಲಿ ಅದಕ್ಕೆ ಸರಿಸಾಟಿ ಅಂಗಡಿಯ ರೋಲಿಂಗ್ ಶಟರ್. ಎಲ್ಲ ಮುಚ್ಚಿ, ಒಳಕೋಣೆಗಳ ಬಾಗಿಲನ್ನೂ ಮುಚ್ಚಿ, ಕಿಟಕಿಯಿಂದ ದೂರ ಕೂರಿ.

ಪ್ರಶ್ನೆ: ನಮ್ಮದು ತಾತನ ಕಾಲದ ಮಣ್ಣಿನ ಮಾಳಿಗೆ ಮನೆ. ಗಾಳಿಗೆ ಏನೂ ಆಗಿಲ್ಲ. ಪ್ರತಿ ವರ್ಷ ಸವಳು ಮಣ್ಣು ಹಾಕಿಸುತ್ತೇವೆ. ಇಷ್ಟು ಸಾಕಲ್ಲ?
— ರೈತ, ಮಾನ್ವಿ ತಾಲ್ಲೂಕು

ಉತ್ತರ: ಅಣ್ಣಾವ್ರೆ, ನಿಮ್ಮ ಮನೆಗೆ ಗಾಳಿಯ ಭಯ ಇಲ್ಲ, ಭಾರದ ಭಯ ಇದೆ. ಬಂಗಾಳ ಕೊಲ್ಲಿಯಲ್ಲಿ ಎದ್ದದ್ದು ನಮ್ಮ ತನಕ ಬರುವಷ್ಟರಲ್ಲಿ ಗಾಳಿ ಸತ್ತು ಬರೀ ಮಳೆಯಾಗಿ ಉಳಿದಿರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ನಿಮಗೂ ನೆನಪಿರಬೇಕು, ಬಿಡದೆ ಹಿಡಿದ ಮಳೆಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು.

ಮಾಳಿಗೆ ಮೇಲೆ ಒಂದಡಿ ದಪ್ಪದ ಮಣ್ಣಿನ ಮೇಲುಮುದ್ದೆ, ಹತ್ತಡಿ ಚೌಕದ ಅಂಕಣ ಅಂತ ಇಟ್ಟುಕೊಳ್ಳಿ. ನೆನೆದಾಗ ಆ ಮಣ್ಣು ಐದು ಟನ್ನಿನ ಹತ್ತಿರ ತೂಗುತ್ತದೆ. ಪ್ರತಿ ವರ್ಷ ಹಳೆಯದರ ಮೇಲೆ ಹೊಸದು ಸುರಿದರೆ ತಾತನ ಕಾಲದ ಜಂತಿ ಎಷ್ಟಂತ ಹೊರಬೇಕು? ಈ ಬೇಸಿಗೆಯಲ್ಲಿ ಹಳೆ ಮಣ್ಣು ಪೂರ್ತಿ ಇಳಿಸಿ, ಜಂತಿಗಳ ಗೋಡೆಯೊಳಗಿನ ತುದಿ ಗೆದ್ದಲು ಹಿಡಿದಿದೆಯಾ ನೋಡಿ, ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು ಬಂದದ್ದನ್ನು ಬದಲಿಸಿ. ಆಮೇಲೆ ತೆಳ್ಳಗೆ ಸವಳು ಹಾಕಿಸಿ, ನೀರು ನಿಲ್ಲದಂತೆ, ಅದು ಹೊರಬೀಳುವ ದೋಣಿಯ ಕಡೆಗೆ ಇಳಿಜಾರು ಕೊಡಿಸಿ. ಎರಡು ಮೂರು ದಿನ ಹಿಡಿದ ಮಳೆಯಲ್ಲಿ ಮೇಲಿನಿಂದ ಮಣ್ಣು ಉದುರತೊಡಗಿತೋ, ಜಂತಿ ಲಟಕ್ ಅಂದಿತೋ, ದನಗಳನ್ನು ಬಿಚ್ಚಿ ಎಲ್ಲರೂ ಶಾಲೆಗೋ ಗುಡಿಗೋ ಹೋಗಿ ಮಲಗಿ.

ಪ್ರಶ್ನೆ: ಮಹಡಿ ಮೇಲೆ ಸಿಂಟೆಕ್ಸ್ ಟ್ಯಾಂಕ್, ಸೋಲಾರ್ ಇವೆ, ಮನೆಗೆ ತಾಗಿ ಬೇವಿನ ಮರ ಇದೆ. ಮಳೆಗಾಲಕ್ಕೆ ಮುಂಚೆ ಏನು ಮಾಡಲಿ?
— ನಿವೃತ್ತ ನೌಕರ, ಬಳ್ಳಾರಿ

ಉತ್ತರ: ಹಿರಿಯರೆ, ಟ್ಯಾಂಕಿನ ವಿಷಯದಲ್ಲಿ ಮಾತ್ರ ಭಾರ ಕೆಲಸಕ್ಕೆ ಬರುತ್ತದೆ. ಸಾವಿರ ಲೀಟರಿನ ಟ್ಯಾಂಕ್ ತುಂಬಿದರೆ ಒಂದು ಟನ್, ಅದು ಅಲುಗುವುದಿಲ್ಲ. ಖಾಲಿ ಇದ್ದರೆ ಹುಡುಗರ ಚೆಂಡಿನ ಹಾಗೆ ಓಣಿ ತುಂಬ ಉರುಳಾಡುತ್ತದೆ. ಮೋಡ ಕಟ್ಟಿದರೆ ಮೋಟಾರ್ ಹಚ್ಚಿ ತುಂಬಿಸಿಬಿಡಿ. ಕರೆಂಟ್ ಹೋದ ಮೇಲೆ ಆ ನೀರು ಬಳಕೆಗೂ ಆಯಿತು. ಸೋಲಾರಿನ ಕಾಲು ಸ್ಲ್ಯಾಬಿಗೆ ಬೋಲ್ಟ್ ಆಗಿದೆಯಾ, ಇಲ್ಲ ಬರೀ ಇಟ್ಟಿಗೆ ಮೇಲೆ ನಿಂತಿದೆಯಾ ನೋಡಿ. ನಾನು ಕಂಡದ್ದರಲ್ಲಿ ಇಟ್ಟಿಗೆ ಮೇಲಿನವೇ ಹೆಚ್ಚು. ಮಹಡಿ ಮೇಲಿನ ಹಳೆ ಕುರ್ಚಿ, ಒಡೆದ ಕುಂಡ, ಯಾರೋ ತಂದಿಟ್ಟ ಫ್ಲೆಕ್ಸ್ ಚೌಕಟ್ಟು ಇವನ್ನೆಲ್ಲ ಕೆಳಗಿಳಿಸಿ.

ಬೇವನ್ನು ಕಡಿಸಬೇಡಿ. ಮನೆ ಮೇಲೆ ಚಾಚಿದ ಕೊಂಬೆಯನ್ನಷ್ಟೇ ಯುಗಾದಿ ಆದ ಮೇಲೆ ಸವರಿಸಿ. ತಂತಿಗೆ ತಾಗುವ ಕೊಂಬೆಗೆ ಮಾತ್ರ ನೀವೂ ಏಣಿ ಹಾಕಬೇಡಿ, ಕೂಲಿಯವರನ್ನೂ ಹತ್ತಿಸಬೇಡಿ. ವಿದ್ಯುತ್ ಕಂಪನಿ ಜೆಸ್ಕಾಂನ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಿದ ಮೇಲೆಯೇ ಕೊಡಲಿ ಹಾಕಿಸಿ.